ಹೊರಕ್ಕೆ ತೆರೆಯುವ ಬಾಗಿಲು

ಮೂರನೇ ಮಹಡಿಯಲ್ಲಿ ಬಾಗಿಲಿಗೆ ಒದೆ ಬಿದ್ದ ರಭಸಕ್ಕೆ ಐದೂ ಮಹಡಿಯ ಪಾತ್ರೆಗಳು ಒಮ್ಮೆಗೇ ಮಾತಾಡಿ ಸುಮ್ಮನಾದವು. ಬೀದಿಯಾಚೆ ಮಲಗಿದ್ದ ನಾಯಿ ಎದ್ದು, ತಪ್ಪೇನಿದ್ದರೂ ತನ್ನದೇ ಇರಬೇಕೆಂದು ಬಾಲ ಮಡಚಿಕೊಂಡು ಜಾಗ ಬದಲಿಸಿತು. ಮತ್ತೊಂದು ಒದೆ. ಇನ್ನೊಂದು. ಆಮೇಲೆ ಮರ ಸೀಳಿದ ಸದ್ದು, ಅದರ ಬೆನ್ನಿಗೇ ಹೆಂಗಸಿನ ಕೂಗು, ಕೂಗಿನ ಬೆನ್ನಿಗೇ ಎಲ್ಲ ಮನೆಗಳ ಟಿವಿಗಳ ಸದ್ದು ಒಟ್ಟಾಗಿ ಏರಿದ್ದು. ಸಂಜೆಯ ವಾರ್ತೆಯನ್ನು ಆ ಕಟ್ಟಡದವರಷ್ಟು ಭಕ್ತಿಯಿಂದ ಕೇಳುವವರು ಭೂಮಂಡಲದಲ್ಲೇ ಇರಲಿಲ್ಲ.

ನೆಲಮಹಡಿಯ ತನ್ನ ಮನೆಯಲ್ಲಿ ಚಹಾದ ಲೋಟ ಹಿಡಿದು ಕೂತಿದ್ದ, ಎಲ್ಲರೂ ರಿಪೇರಿ ಎಂದೇ ಕರೆಯುತ್ತಿದ್ದ ಮನುಷ್ಯ ತಲೆ ಎತ್ತಿ ಸೂರು ನೋಡಿದ.

"ಬಚ್ಚಲ ಬಾಗಿಲು," ಅಂದ. "ಚಿಲಕ ಕಿತ್ತು ಬಂತು. ಇನ್ನೊಂದು ಬಿದ್ದಿದ್ರೆ ಕೀಲೂ ಹೋಗ್ತಿತ್ತು."

"ಚಿಲಕದ ಸಮಾಚಾರ ಗೊತ್ತಾಯ್ತು," ಅಂದಳು ಅವನ ಹೆಂಡತಿ. "ಆ ಹುಡುಗಿ ಸಮಾಚಾರ?"

"ಗಂಡ ಹೆಂಡತಿ ವಿಷಯ ಕಣೆ. ಮಧ್ಯೆ ಹೋಗೋಕಾಗುತ್ತಾ?"

"ಹೌದೌದು. ಬಾಗಿಲಿನ ವಿಷಯಕ್ಕೆ ಮಾತ್ರ ಹೋಗ್ಬೇಕು."

ವಸತಿ ಸಂಸ್ಥೆಯ ಬಾಡಿಗೆ ಕಟ್ಟಡಗಳ ಬಾಗಿಲು, ಕಿಟಕಿ, ನಲ್ಲಿ, ಬೀಗಗಳಿಗೆಲ್ಲ ಈ ರಿಪೇರಿಯೇ ಹುಟ್ಟಿಸಿದ ತಂದೆ, ಸಾಕಿದ ತಾಯಿ, ಕೊನೆಗೆ ಹೆಣ ಹೊರುವವನೂ ಅವನೇ. ಅವನ ಮಾತಿನಲ್ಲೇ ಹೇಳುವುದಾದರೆ, ಅವನು ಬರುತ್ತಿರುವ ಹೆಜ್ಜೆ ಸದ್ದು ಕೇಳಿದರೆ ಸೋರುವ ನಲ್ಲಿ ತಾನಾಗಿ ನಾಚಿ ನಿಲ್ಲುತ್ತಿತ್ತು. ಹರೆಯದಲ್ಲಿ ಅಡ್ಡ ಬಂದ ಗೂಳಿಯೊಂದನ್ನು ಒಂದೇ ಗುದ್ದಿಗೆ ಕೆಡವಿದ್ದನಂತೆ. ಆ ಗೂಳಿ ವರ್ಷದಿಂದ ವರ್ಷಕ್ಕೆ ಬೆಳೆದು ಈಗ ಹೆಚ್ಚುಕಡಿಮೆ ಒಂದು ಲಾರಿಯಷ್ಟಾಗಿತ್ತು. ಮುರಿದ ವಸ್ತು ಯಾವುದೇ ಇರಲಿ, ನೋಡಿದ ಕೂಡಲೇ ಅದು ಹೇಗೆ ಮುರಿಯಿತು, ಯಾವ ಕೈ ಮುರಿಯಿತು, ಆ ಕೈ ಬೆಳಿಗ್ಗೆ ಏನು ತಿಂದಿತ್ತು ಎನ್ನುವವರೆಗೂ ಹೇಳಬಲ್ಲೆ ಅನ್ನುತ್ತಿದ್ದ. ಅವನಿಗೆ ಗೊತ್ತಿಲ್ಲದ್ದು ಒಂದೇ ಒಂದು, ಬಾಯಿ ಮುಚ್ಚುವುದು ಹೇಗೆ ಎನ್ನುವುದು.

ಮರುದಿನ ಬೆಳಿಗ್ಗೆ ಹತಾರದ ಚೀಲ ಹೆಗಲಿಗೇರಿಸಿ ಮೂರನೇ ಮಹಡಿ ಹತ್ತಿದಾಗ ಬಾಗಿಲು ತೆರೆದವನು ಡ್ರೈವರ್. ದೂರದೂರಿಗೆ ಬಸ್ಸು ಓಡಿಸುವವನು; ಇವತ್ತು ಹೋದರೆ ನಾಳೆ ಬರುವ ಪಾಳಿ. ಕಟ್ಟಡಕ್ಕೆಲ್ಲ ಬೇಕಾದ ಮನುಷ್ಯ. ಎರಡನೇ ಮಹಡಿಯ ಮೇಷ್ಟ್ರ ಗ್ಯಾಸ್ ಸಿಲಿಂಡರನ್ನು ದಿಂಬು ಎತ್ತಿದ ಹಾಗೆ ಎತ್ತಿ ಮೇಲೆ ತಂದುಕೊಡುತ್ತಿದ್ದ. ಮುದುಕಿಯರನ್ನೆಲ್ಲ ಅತ್ತೆ ಅನ್ನುತ್ತಿದ್ದ, ರಿಪೇರಿಯನ್ನು ಭಾವ ಅನ್ನುತ್ತಿದ್ದ.

"ಬಾ ಭಾವ, ಬಾ. ನಮ್ಮ ಬಚ್ಚಲ ಬಾಗಿಲಿಗೂ ನಿನಗೂ ಯಾವ ಜನ್ಮದ ಋಣವೋ, ಆಗಾಗ ಕರೆಸಿಕೊಳ್ತಾನೇ ಇರುತ್ತೆ." ಕೈಗಡಿಯಾರ ಕಟ್ಟಿಕೊಳ್ಳುತ್ತ ನಕ್ಕ. "ನೆಂದು ನೆಂದು ಮರ ಟೊಳ್ಳಾಗಿದೆ. ಸ್ವಲ್ಪ ಕಾಲು ತಾಗಿದ್ರೆ ಸಾಕು."

ಟೊಳ್ಳು ಮರದ ಮೇಲೆ ಬೂಟಿನ ಅಟ್ಟೆ ಗೆರೆಗೆರೆಯಾಗಿ ಮೂಡಿತ್ತು. ರಿಪೇರಿಯೂ ನಕ್ಕ. ಡ್ರೈವರ್ ಡ್ಯೂಟಿಗೆ ಇಳಿದು ಹೋದ.

ಬಾಗಿಲಿನ ಹಿಂದೆ ಒಳಗೋಡೆಗೆ ಒರಗಿ ನಿಂತಿದ್ದಳು ಹೆಂಡತಿ. ಹೊಲಿಗೆಯವಳು. ಅರ್ಧ ಕಟ್ಟಡದವರ ಮೈಮೇಲಿನ ಬಟ್ಟೆ ಅವಳ ಮಷಿನ್ ಅಡಿಯಿಂದಲೇ ಹಾದು ಬಂದದ್ದು. ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸುತ್ತಾಳೆ ಎಂದು ಹೆಸರಾಗಿದ್ದ ಹೆಂಗಸಿನ ಎಡಗಣ್ಣು ಈಗ ನಿಜವಾಗಿಯೂ ಮುಚ್ಚಿತ್ತು. ತುಟಿ ಒಡೆದು ದಪ್ಪಗಾಗಿತ್ತು.

"ಅಣ್ಣ, ಇದಕ್ಕಿಂತ ದಪ್ಪದ ಚಿಲಕ ಇದೆಯಾ?"

"ಯಾಕೆ ತಂಗಿ, ಬಚ್ಚಲಲ್ಲಿ ಖಜಾನೆ ಇಟ್ಟಿದ್ದೀಯಾ?"

ಅವಳು ನಗಲಿಲ್ಲ. ಮುರಿದ ಚಿಲಕವನ್ನು ನೆಲದಿಂದ ಆರಿಸಿ ಅವನ ಕೈಗೆ ಕೊಟ್ಟಳು. ಆಗ ಅವಳ ತೋರುಬೆರಳು ಕಂಡಿತು. ಉಗುರಿನ ಮೇಲೆ ಮೂರು ತೂತು, ಒಂದೇ ಗೆರೆಯಲ್ಲಿ, ಅಳೆದು ಹೊಲಿದ ಹಾಗೆ.

"ಮಷಿನ್ ಮೇಲೆ ಕೈ ಜಾರ್ತು," ಅಂದಳು, ಅವನು ಕೇಳುವ ಮೊದಲೇ.

ರಿಪೇರಿ ಆ ಬೆರಳನ್ನು ನೋಡಿದ. ಅವನ ವಿದ್ಯೆ ಅವನಿಗೆ ಅಷ್ಟು ಬೇಡವಾದದ್ದು ಹಿಂದೆಂದೂ ಇರಲಿಲ್ಲ. ಕೈ ಜಾರಿದರೆ ಸೂಜಿ ಒಂದು ಸಲ ಇಳಿಯುತ್ತದೆ, ಕೈ ತಾನಾಗಿ ಹಿಂದಕ್ಕೆ ಬರುತ್ತದೆ. ಸಾಲಾಗಿ ಮೂರು ಸಲ ಇಳಿಯಬೇಕಾದರೆ ಕೈಯನ್ನು ಯಾರೋ ಒತ್ತಿ ಹಿಡಿದಿರಬೇಕು, ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸುತ್ತಿರಬೇಕು. ನಿಧಾನವಾಗಿ.

"ಆಫೀಸಿಗೆ ಹೇಳಬೇಡಿ ಅಣ್ಣ," ಅಂದಳು ಅವಳು. "ಗಲಾಟೆ ಅಂತ ಆಗಲೇ ಯಾರೋ ದೂರು ಕೊಟ್ಟಿದ್ದಾರೆ. ಇನ್ನೊಂದು ದೂರು ಹೋದ್ರೆ ಮನೆ ಖಾಲಿ ಮಾಡಿಸ್ತಾರಂತೆ. ಮನೆ ನನ್ನ ಗಂಡನ ಹೆಸರಲ್ಲಿದೆ. ನಾನೆಲ್ಲಿಗೆ ಹೋಗಲಿ? ನನಗೆ ಆ ಬಚ್ಚಲೊಂದು ಗಟ್ಟಿಯಾಗಿದ್ರೆ ಸಾಕು. ಬೆಳಗಾಗೋವರೆಗೆ ಕೂತಿರ್ತೀನಿ. ಬೆಳಿಗ್ಗೆ ಅವರು ಸರಿ ಇರ್ತಾರೆ."

ರಿಪೇರಿಗೆ ಆಫೀಸಿನ ಮೇಡಂ ನೆನಪಾದಳು. ಹೊಸದಾಗಿ ಬಂದ ಮ್ಯಾನೇಜರ್ ಮೇಡಂ ಕಸ ಗುಡಿಸುವವರಿಂದ ಹಿಡಿದು ಕಾವಲುಗಾರರವರೆಗೆ ಎಲ್ಲರನ್ನೂ ಕೂರಿಸಿ ಮಾತಾಡಿದ್ದಳು. ಮನೆಮನೆಯ ಒಳಗೆ ಹೋಗುವವರು ನೀವು. ಒಂದೇ ಬಾಗಿಲು ಮತ್ತೆ ಮತ್ತೆ ಮುರಿದರೆ, ಗೋಡೆಯಲ್ಲಿ ತಲೆಯ ಎತ್ತರಕ್ಕೆ ಗುಳಿ ಬಿದ್ದಿದ್ದರೆ, ರಿಪೇರಿ ಮಾಡಿ ಸುಮ್ಮನೆ ಬರಬೇಡಿ, ನನಗೆ ಹೇಳಿ, ನನಗೊಬ್ಬಳಿಗೇ ಹೇಳಿ, ನೀವೇ ಪಂಚಾಯಿತಿ ಮಾಡಲು ಹೋಗಬೇಡಿ ಅಂದಿದ್ದಳು. ರಿಪೇರಿ ಆಗ ಪಕ್ಕದವನ ಕಿವಿಯಲ್ಲಿ, "ಬಾಗಿಲುಗಳು ಚಾಡಿ ಹೇಳೋಕೆ ಶುರು ಮಾಡಿದ್ರೆ ನನ್ನ ಹೆಂಡತಿಗೆ ಕೆಲಸ ಇರಲ್ಲ" ಅಂದ. ಆ ಸಾಲಿಗೆ ಸಾಲೇ ಕಿಸಕ್ಕೆಂದಿತು. ಮೇಡಂ ಅದಾದ ಮೇಲೂ ಏನೇನೋ ಹೇಳಿದಳು. ಮನೆ ಯಾರ ಹೆಸರಲ್ಲಿದ್ದರೂ ಏನೋ ಮಾಡಬಹುದು ಅಂದ ಹಾಗಿತ್ತು. ಅಷ್ಟು ಹೊತ್ತಿಗೆ ರಿಪೇರಿ ಗೂಳಿಯ ಕಥೆ ಎತ್ತಿಕೊಂಡಿದ್ದ.

ಈಗ ಅವನು ಬಾಗಿಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಯೋಚಿಸಿದ. ಆಫೀಸಿಗೆ ಹೇಳುವುದೆಂದರೆ ತನ್ನ ಕೈಲಾಗಲಿಲ್ಲ ಎಂದ ಹಾಗೆ. ಅದೂ ಒಂದು ಬಾಗಿಲಿನ ವಿಷಯದಲ್ಲಿ. ಚಿಲಕ ದಪ್ಪವಾದಷ್ಟೂ ಬೂಟು ದಪ್ಪವಾಗುತ್ತದೆ. ಆದರೆ ಬಾಗಿಲು ಒಳಕ್ಕೆ ತೆರೆಯುವುದರಿಂದ ತಾನೇ ಒದೆಗೆ ಬಗ್ಗುವುದು? ಚೌಕಟ್ಟನ್ನೇ ಕಿತ್ತು ತಿರುಗಿಸಿ ಕೂರಿಸಿದರೆ, ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡಿದರೆ, ಹೊರಗಿನಿಂದ ಒದ್ದಷ್ಟೂ ಅದು ಚೌಕಟ್ಟಿಗೆ ಇನ್ನಷ್ಟು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಈ ಉಪಾಯ ಹೊಳೆದ ಕ್ಷಣ ರಿಪೇರಿಯ ಮುಖ ನೋಡಬೇಕಿತ್ತು. ಬೆಂಕಿ ಕಂಡುಹಿಡಿದ ಮನುಷ್ಯನ ಮುಖದಲ್ಲೂ ಅಷ್ಟು ಕಳೆ ಇದ್ದಿರಲಾರದು.

"ತಂಗಿ, ಆಫೀಸು ಗೀಫೀಸು ಯಾಕೆ? ನಾನಿದ್ದೀನಲ್ಲ," ಅಂದ.

ಇಡೀ ದಿನ ಕೆಲಸ ಹಿಡಿಯಿತು. ಚೌಕಟ್ಟು ಕಿತ್ತ, ತಿರುಗಿಸಿದ, ಸಿಮೆಂಟು ತುಂಬಿದ. ಎಲ್ಲೋ ಎತ್ತಿಟ್ಟಿದ್ದ ಹಳೆಯ ಗಟ್ಟಿಮರದ ಬಾಗಿಲನ್ನು ಬೆನ್ನ ಮೇಲೆ ಹೊತ್ತು ತಂದು ಕೂಡಿಸಿದ. ಒಳಗೆ ಹೆಬ್ಬೆರಳು ಗಾತ್ರದ ಕಬ್ಬಿಣದ ಚಿಲಕ ಹಾಕಿದ. ಸಂಜೆ ಅವಳನ್ನು ಒಳಗೆ ನಿಲ್ಲಿಸಿ, ಚಿಲಕ ಹಾಕಿಸಿ, ತಾನು ಹೊರಗಿನಿಂದ ಭುಜ ಕೊಟ್ಟು ಗುದ್ದಿದ. ಬಾಗಿಲು ಮಿಸುಕಲಿಲ್ಲ. ಒಳಗಿನಿಂದ ಸಣ್ಣದೊಂದು ನಗು ಕೇಳಿಸಿತು. ಅವಳು ನಗುವುದನ್ನು ಅವನು ಕೇಳಿದ್ದು ಅದೇ ಮೊದಲು.

ಇಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತೇನೋ. ಆದರೆ ಮಾಡಿದ ಕೆಲಸ ಹೇಳಿಕೊಳ್ಳದಿದ್ದರೆ ರಿಪೇರಿಗೆ ಉಂಡದ್ದು ಅರಗುತ್ತಿರಲಿಲ್ಲ. ಮರುದಿನ ಮೂಲೆಯ ಚಹಾದಂಗಡಿಯಲ್ಲಿ ಡ್ಯೂಟಿ ಮುಗಿಸಿ ಬಂದ ಡ್ರೈವರ್ ಸಿಕ್ಕಾಗ ಸುತ್ತಲೂ ಜನವಿತ್ತು.

"ಏನು ಭಾವ, ನಮ್ಮ ಬಚ್ಚಲಿಗೆ ಕೋಟೆ ಬಾಗಿಲೇ ಹಾಕಿದ್ದೀಯಂತೆ?"

"ಇನ್ನೇನು ಮತ್ತೆ? ಹತ್ತು ಆನೆ ಸಾಲಾಗಿ ಬಂದು ಒದೀಲಿ, ಕಾಲು ಉಳುಕಿಸಿಕೊಂಡು ವಾಪಸ್ ಹೋಗ್ತಾವೆ. ನಾನು ಹಾಕಿದ ಬಾಗಿಲು ಒಳಗೆ ಬಗ್ಗೋ ಮಾತೇ ಇಲ್ಲ."

"ಒಳಗೆ ಬಗ್ಗದಿದ್ರೆ ಬೇಡ ಬಿಡು," ಅಂದ ಡ್ರೈವರ್, ಚಹಾ ಆರಿಸಿಕೊಳ್ಳುತ್ತ. "ಹೊರಗೂ ಬರದಿದ್ರೆ ಆಯ್ತಲ್ಲ."

ಎಲ್ಲರೂ ನಕ್ಕರು. ರಿಪೇರಿ ಎಲ್ಲರಿಗಿಂತ ಜೋರಾಗಿ ನಕ್ಕ.

ಕೆಲವು ದಿನ ಮೂರನೇ ಮಹಡಿ ಸುಮ್ಮನಿತ್ತು. ಆಮೇಲೊಂದು ಬೆಳಿಗ್ಗೆ, ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ, ಮತ್ತೆ ಒದೆಗಳು ಶುರುವಾದವು. ಟಿವಿಗಳು ಎಂದಿನಂತೆ ಎದ್ದವು. ರಿಪೇರಿ ಅಂಗಳದಲ್ಲಿ ನಲ್ಲಿ ಬಿಚ್ಚಿಕೊಂಡು ಕೂತಿದ್ದವನು ಕಿವಿ ನಿಮಿರಿಸಿದ. ಒದೆ. ಒದೆ. ಮರ ಸೀಳಲಿಲ್ಲ. ಬಾಗಿಲಿಗೆ ಕುರ್ಚಿ ಬಡಿದ ಸದ್ದು. ಕುರ್ಚಿಯೇ ಮುರಿದ ಸದ್ದು. ಬಾಗಿಲು ಹಾಗೇ ಇತ್ತು. ರಿಪೇರಿಯ ಎದೆ ಉಬ್ಬಿ ಅಂಗಿಯ ಗುಂಡಿಯೊಂದು ಹಾರಿಹೋಗುವುದರಲ್ಲಿತ್ತು.

"ಕೇಳಿಸ್ತಾ?" ಅಂದ ಹೆಂಡತಿಗೆ. "ಆನೆ ಸೋಲ್ತು."

ಅವಳು ಪೊರಕೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. "ಆನೆ ಬಾಗಿಲಿಗೆ ಸೋಲ್ತು. ಆಮೇಲೆ?"

ಆಮೇಲೆ ಭಾರವಾದದ್ದೇನನ್ನೋ ನೆಲದ ಮೇಲೆ ಎಳೆದ ಸದ್ದು. ಹಲ್ಲು ಜುಮ್ಮೆನ್ನಿಸುವ ಸದ್ದು. ಇನ್ನೊಂದು ಸಲ ಏನನ್ನೋ ಎಳೆದದ್ದು. ಆಮೇಲೆ ಟಿವಿಗಳ ಸದ್ದು ಮಾತ್ರ. ಡ್ರೈವರ್ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಮೆಟ್ಟಿಲಿಳಿದು ಬಂದ. "ಮನೆ ಸಾಮಾನೆಲ್ಲ ಸ್ವಲ್ಪ ಆಚೀಚೆ ಮಾಡಿಟ್ಟೆ ಭಾವ," ಎಂದು ತಾನಾಗಿಯೇ ಹೇಳಿ, ಬೆನ್ನು ತಟ್ಟಿ, ಡ್ಯೂಟಿಗೆ ಹೋದ.

"ನೋಡು, ರಾಜಿಯಾಗಿದ್ದಾರೆ," ಅಂದ ರಿಪೇರಿ. "ಮನೆ ಸಿಂಗಾರ ನಡೀತಿದೆ."

ಹೆಂಡತಿ ಮೇಲೆ ನೋಡಿದಳು. ಹತ್ತಿ ಹೋಗಿ ಒಂದು ಸಲ ಬಾಗಿಲು ಬಡಿದೂ ಬಂದಳು. ಟಿವಿಗಳ ಸದ್ದಿನಲ್ಲಿ ಒಳಗಿನದೇನೂ ಕೇಳಿಸಲಿಲ್ಲ. ಹೊರಗೆ ಬೀಗವಿತ್ತು. ಎಲ್ಲೋ ಹೋಗಿರಬೇಕು ಅಂದುಕೊಂಡರು.

ಮರುದಿನ ಮಧ್ಯಾಹ್ನ ಎರಡನೇ ಮಹಡಿಯ ಮೇಷ್ಟ್ರು ಮನೆಯೊಳಗಿನಿಂದ ಕೊಡೆ ಬಿಚ್ಚಿಕೊಂಡೇ ಇಳಿದು ಬಂದರು.

"ನಮ್ಮ ಬಚ್ಚಲಲ್ಲಿ ಜಲಪಾತ ಹುಟ್ಟಿದೆಯಪ್ಪ. ಸ್ನಾನ ಮಾಡೋಕೆ ಅಂತ ಹೋದೋನಿಗೆ ನಲ್ಲಿ ತಿರುಗಿಸೋ ಕೆಲಸಾನೇ ಉಳೀಲಿಲ್ಲ."

"ಎಷ್ಟು ಹೊತ್ತಿಂದ ಮೇಷ್ಟ್ರೇ?"

"ಬೆಳಿಗ್ಗೆ ತೊಟ್ಟಿಕ್ಕುತ್ತಿತ್ತು. ಈಗ ಧೋ ಅಂತಿದೆ. ಮೇಲಿನವರಿಗೆ ಕೂಗಿ ಹೇಳಿದೆ. ಕೂಗಿದ್ದಕ್ಕೆ ಉತ್ತರವಾಗಿ ಯಾರೋ ನೆಲ ಗುದ್ದಿದ ಹಾಗಾಯ್ತು. ದೆವ್ವಕ್ಕೂ ಸ್ನಾನದ ಆಸೆ ಇರುತ್ತೆ ಅಂತ ನನಗೆ ಗೊತ್ತಿರಲಿಲ್ಲ."

ರಿಪೇರಿ ಮೂರನೇ ಮಹಡಿಗೆ ಹೇಗೆ ಹತ್ತಿದ ಅನ್ನುವುದು ಅವನಿಗೇ ಗೊತ್ತಾಗಲಿಲ್ಲ. ಬಾಗಿಲಿನ ಅಡಿಯಿಂದ ನೀರು ಮೆಟ್ಟಿಲಿಗೆ ಬರುತ್ತಿತ್ತು. ಬೀಗಕ್ಕೆ ಸುತ್ತಿಗೆಯಿಂದ ಹೊಡೆದ. ಅವನೇ ಹಾಕಿದ್ದ ಬೀಗ, ಅದರ ದೌರ್ಬಲ್ಯ ಅವನಿಗೆ ಗೊತ್ತಿತ್ತು. ಒಳಗೆ ಹಿಮ್ಮಡಿ ಮುಳುಗುವಷ್ಟು ನೀರು. ನೀರಿನಲ್ಲಿ ಬಣ್ಣಬಣ್ಣದ ದಾರದ ಉಂಡೆಗಳು ತೇಲುತ್ತಿದ್ದವು. ಬಚ್ಚಲಿನ ಮುಂದಿನ ಸಣ್ಣ ಓಣಿಯಲ್ಲಿ ಉಕ್ಕಿನ ಬೀರು ಬಾಗಿಲಿಗೆ ಆತುಕೊಂಡು ನಿಂತಿತ್ತು. ಬೀರುವಿಗೂ ಎದುರಿನ ಗೋಡೆಗೂ ನಡುವೆ ಹೊಲಿಗೆ ಮಷಿನ್ ಅನ್ನು ಬೆಣೆಯ ಹಾಗೆ ತುರುಕಿತ್ತು. ಬಚ್ಚಲ ದೀಪದ ಸ್ವಿಚ್ಚು ಹೊರಗಿನ ಗೋಡೆಯಲ್ಲಿತ್ತು. ಅದು ಆರಿತ್ತು.

ಅವನು ಮೊದಲು ಸ್ವಿಚ್ಚು ಹಾಕಿದ. ಯಾಕೆ ಮೊದಲು ಅದನ್ನೇ ಮಾಡಿದನೋ.

"ತಂಗಿ," ಅಂದ.

ಒಳಗಿನಿಂದ ಬಾಗಿಲಿಗೆ ಬಾಯಿ ಹತ್ತಿಸಿ ಮಾತಾಡಿದ ಹಾಗೆ: "ಬಂದ್ರಾ ಅಣ್ಣ? ಕೂಗಿ ಕೂಗಿ ಸಾಕಾಯ್ತು. ಕೂಗಿದ್ರೆ ಯಾರೂ ಬರಲ್ಲ ಅಂತ ಗೊತ್ತಿದ್ರೂ ಕೂಗ್ತಿದ್ದೆ. ನೀರು ಸೋರಿದ್ರೆ ನೀವು ಬರ್ತೀರಿ ಅಂತ ಆಮೇಲೆ ನೆನಪಾಯ್ತು. ಸೀರೆ ಹರಿದು ಮೋರಿಗೆ ತುರುಕಿದೆ."

"ನಿನ್ನೆಯಿಂದ ಒಳಗಿದ್ದೀಯಾ?"

"ಬೆಳಿಗ್ಗೆ ಅವರು ಹೊರಟಾಗಿನಿಂದ. ಎಷ್ಟು ಹೊತ್ತಾಯ್ತೋ ಗೊತ್ತಾಗ್ಲಿಲ್ಲ. ಕತ್ತಲೆ."

ರಿಪೇರಿ ಮಷಿನ್‌ಗೆ ಕೈ ಹಾಕಿದ. ಎರಕದ ಕಬ್ಬಿಣದ ಹಳೆಯ ಮಷಿನ್. ಹಿಂದೆ ಅದನ್ನು ಒಂದು ಕೈಯಲ್ಲಿ ಮೇಲೆ ತಂದೆ ಎಂದು ಹೇಳಿಕೊಂಡಿದ್ದ, ನಿಜದಲ್ಲಿ ನಾಲ್ಕು ಜನ ತಂದದ್ದು. ಈಗ ಒಬ್ಬನೇ ಉಸಿರು ಕಟ್ಟಿ ಎಳೆದು ಓಣಿಯಿಂದ ಹೊರಗೆ ತಂದ. ತಿರುಗಿ ಬೀರುವಿಗೆ ಕೈ ಕೊಡುವಷ್ಟರಲ್ಲಿ ಬೆನ್ನ ಹಿಂದೆ ನೀರಿನಲ್ಲಿ ಬೂಟಿನ ಸದ್ದಾಯಿತು.

"ಏನು ಭಾವ, ನಾನಿಲ್ಲದಾಗ ಮನೆ ಸಾಮಾನು ಸಾಗಿಸ್ತಿದ್ದೀಯಾ?"

ಡ್ರೈವರ್ ನಗುತ್ತಲೇ ಇದ್ದ. ನಗುತ್ತಲೇ ಚೀಲ ಇಳಿಸಿದ, ನಗುತ್ತಲೇ ರಿಪೇರಿಯ ಕುತ್ತಿಗೆಪಟ್ಟಿ ಹಿಡಿದ. ರಿಪೇರಿ ಏನೋ ಹೇಳಲು ಬಾಯಿ ತೆರೆದ. ತೆರೆದ ಬಾಯಿಯೇ ಬೀರುವಿನ ಅಂಚಿಗೆ ಹೋಗಿ ಬಡಿಯಿತು. ಮುಂದಿನ ಹಲ್ಲು ಒಳಕ್ಕೆ ಮಡಚಿಕೊಂಡಿತು. ಗೂಳಿಯನ್ನು ಕೆಡವಿದ ಮುಷ್ಟಿ ಗಾಳಿಯಲ್ಲಿ ಒಂದು ಸಲ ಬೀಸಿ, ಡ್ರೈವರನ ಭುಜಕ್ಕೆ ತಾಗಿ, ಮಗುವಿನ ಕೈಯ ಹಾಗೆ ಜಾರಿತು. ಎರಡನೆಯ ಸಲ ಬೀರುವಿನ ಕನ್ನಡಿ. ಕಿವಿಯಲ್ಲಿ ಗಾಜು ಒಡೆದ ಸದ್ದೂ ಮೂಳೆ ಒಡೆದ ಸದ್ದೂ ಒಂದೇ ಆಯಿತು. ರಿಪೇರಿ ನೀರಿನಲ್ಲಿ ಬಿದ್ದ. ಬಿದ್ದವನ ಪಕ್ಕೆಗೆ ಬೂಟು ಬಿತ್ತು. ಮತ್ತೆ ಬಿತ್ತು. ಬಾಗಿಲ ಮೇಲೆ ಅವನು ಎಷ್ಟೋ ಸಲ ಉಜ್ಜಿ ಅಳಿಸಿದ್ದ ಅದೇ ಗೆರೆಗೆರೆಯ ಅಟ್ಟೆ.

"ಬಾಗಿಲು ತಿರುಗಿಸ್ತೀಯಾ? ನನ್ನ ಮನೇಲಿ ನನಗೇ ಬಾಗಿಲು ಹಾಕೋಕೆ ಕಲಿಸ್ತೀಯಾ?" ಡ್ರೈವರ್ ಈಗ ನಗುತ್ತಿರಲಿಲ್ಲ. ರಿಪೇರಿಯ ಬಲಗೈ ಮಣಿಕಟ್ಟಿನ ಮೇಲೆ ಕಾಲಿಟ್ಟು, ನೀರಿನಲ್ಲಿ ತಡಕಿ ಸುತ್ತಿಗೆ ಎತ್ತಿಕೊಂಡ. "ಇದೇ ತಾನೆ ಆ ಕೈ?"

ಸುತ್ತಿಗೆ ಇಳಿಯಿತು. ರಿಪೇರಿಗೆ ತಾನು ಕೂಗಿದ್ದು ಕೇಳಿಸಲಿಲ್ಲ. ಕೆಳಗಿನ ಮಹಡಿಯಲ್ಲಿ ಯಾರೋ ಟಿವಿಯ ಸದ್ದು ಏರಿಸಿದ್ದು ಮಾತ್ರ ಕೇಳಿಸಿತು.

ಸುತ್ತಿಗೆ ಎರಡನೇ ಸಲ ಎದ್ದಾಗ ಬಾಗಿಲಿಗೆ ಒದೆ ಬಿತ್ತು.

ಒಳಗಿನಿಂದ ಬಿದ್ದ ಒದೆ. ಅವಳು ಎದುರಿನ ಗೋಡೆಗೆ ಬೆನ್ನು ಕೊಟ್ಟು ನೆಲದಲ್ಲಿ ಕೂತು, ಎರಡೂ ಕಾಲು ಕೂಡಿಸಿ ಒದ್ದಿದ್ದಳು. ಮಷಿನ್ ಸರಿದ ಬೀರು ಒದ್ದೆ ನೆಲದಲ್ಲಿ ಗೇಣುದ್ದ ಜಾರಿತು. ಇನ್ನೊಂದು ಒದೆ. ಹತ್ತು ಆನೆಗೂ ಬಗ್ಗದ ಬಾಗಿಲು ಹೊರಗೆ ಬಂತು, ಬೀರು ತೂಗಿತು, ತೆರೆದುಕೊಂಡಿತು, ಒಳಗಿದ್ದ ಬಟ್ಟೆಗಳನ್ನೆಲ್ಲ ಕಾರಿತು, ಆಮೇಲೆ ಮುಗ್ಗರಿಸಿತು. ಡ್ರೈವರ್ ಹಿಂದೆ ಸರಿಯಲು ನೋಡಿದ. ಓಣಿ ಇಕ್ಕಟ್ಟಾಗಿತ್ತು, ನೆಲ ಜಾರುತ್ತಿತ್ತು. ಬೀರು ಅವನ ತೊಡೆಯ ಮೇಲೆ ಬಿತ್ತು. ಒಣಕಟ್ಟಿಗೆ ಮುರಿದ ಸದ್ದಾಯಿತು.

ಅವಳು ಹೊರಗೆ ಬಂದಳು. ಕೂದಲು ಮುಖಕ್ಕೆ ಅಂಟಿತ್ತು. ಗಂಟೆಗಟ್ಟಲೆ ನೀರಿನಲ್ಲಿದ್ದ ಕೈಕಾಲಿನ ಚರ್ಮ ಬಿಳಿಚಿ ಮುದುಕಿಯ ಚರ್ಮದ ಹಾಗೆ ಸುಕ್ಕಾಗಿತ್ತು. ಬರಿಗಾಲಿನಲ್ಲಿ ಕನ್ನಡಿಯ ಚೂರುಗಳ ಮೇಲೆ ನಡೆದು ಬಂದಳು. ನಡೆದಲ್ಲೆಲ್ಲ ನೀರು ಕೆಂಪಾಯಿತು. ಬಗ್ಗಿ ಸುತ್ತಿಗೆ ಎತ್ತಿಕೊಂಡಳು.

"ಏಯ್, ಎತ್ತೇ ಇದನ್ನ. ಕಾಲು ಹೋಯ್ತು ಕಣೆ, ಎತ್ತು," ಅಂದ ಡ್ರೈವರ್. ಅವಳ ಮುಖ ನೋಡಿ ದನಿ ಇಳಿಸಿದ. "ನೋಡು. ಇಲ್ಲಿ ನೋಡು. ನಿನ್ನ ಕಾಲು ಹಿಡ್ಕೋತೀನಿ. ಇನ್ಮೇಲೆ ಯಾವತ್ತೂ..."

ನೀರಿನಲ್ಲಿ ಅಗಲವಾಗಿ ಊರಿದ್ದ ಅವನ ಬಲಗೈಯನ್ನು ಅವಳು ನೋಡುತ್ತಿದ್ದಳು. ತೋರುಬೆರಳನ್ನು. ಸುತ್ತಿಗೆ ಭುಜಕ್ಕಿಂತ ಮೇಲೆದ್ದು ನಿಂತಿತ್ತು. ರಿಪೇರಿಗೆ ಏನಾದರೂ ಹೇಳಬೇಕೆನ್ನಿಸಿತು. ಹೊಡಿ ಅನ್ನಬೇಕೋ ಬೇಡ ಅನ್ನಬೇಕೋ ತಿಳಿಯಲಿಲ್ಲ, ಬಾಯಿ ತುಂಬ ರಕ್ತವಿತ್ತು.

ಸುತ್ತಿಗೆ ಇಳಿಯಿತು. ಬೆರಳಿನ ಪಕ್ಕದ ನೆಲದ ಹಾಸುಗಲ್ಲು ನಾಲ್ಕು ಹೋಳಾಯಿತು. ಡ್ರೈವರ್ ಬೆರಳೇ ಹೋಯಿತೆಂಬಂತೆ ಚೀರಿದ. ಗಂಡಸಿನ ಆ ಚೀರಾಟಕ್ಕೆ ಕಟ್ಟಡದ ಟಿವಿಗಳೆಲ್ಲ ಒಮ್ಮೆಗೇ ನಿಂತವು. ಒಂದರ ಹಿಂದೆ ಒಂದು ಬಾಗಿಲು ತೆರೆದವು. "ಏನಾಯ್ತು?", "ಯಾರಿಗೇನಾಯ್ತು?" ಎಂದು ಮೆಟ್ಟಿಲ ತುಂಬ ಜನ ಹತ್ತಿ ಬಂದರು.

ಹತ್ತುವವರ ನಡುವೆ ಅವಳು ಇಳಿದಳು. ಹರಿದ ಸೀರೆಯ ಉಳಿದ ತುಂಡು ಸುತ್ತಿಕೊಂಡು, ಕೈಯಲ್ಲಿ ಸುತ್ತಿಗೆ ಹಿಡಿದು. ದಾರಿ ಕೊಟ್ಟರೇ ಹೊರತು ಅದನ್ನು ಅವಳ ಕೈಯಿಂದ ತೆಗೆದುಕೊಳ್ಳುವ ಧೈರ್ಯ ಯಾರಿಗೂ ಬರಲಿಲ್ಲ. ನೆಲಮಹಡಿಯಲ್ಲಿ ರಿಪೇರಿಯ ಹೆಂಡತಿ ಎದುರಾದಳು. ಏನೂ ಕೇಳದೆ ತನ್ನ ಹೊದಿಕೆ ತಂದು ಹೊದಿಸಿದಳು, ಅಂಗಳ ದಾಟಿಸಿ ಆಫೀಸಿಗೆ ಕರೆದುಕೊಂಡು ಹೋದಳು. ಮ್ಯಾನೇಜರ್ ಮೇಡಂ ಎದ್ದು ನಿಂತು, ಮೇಜಿನ ಮೇಲಿದ್ದುದನ್ನೆಲ್ಲ ಒಂದು ಪಕ್ಕಕ್ಕೆ ಸರಿಸಿದಳು. "ಇಲ್ಲಿಡಮ್ಮ," ಅಂದಳು. ಅವಳು ಸುತ್ತಿಗೆಯನ್ನು ಅಲ್ಲಿಟ್ಟಳು.

ಅದಾದ ಮೇಲಿನ ಕೆಲಸಗಳು ಎಷ್ಟು ಬೇಗ ನಡೆದವೆಂದರೆ, ಒಂದು ಬಲ್ಬು ಬದಲಿಸಲು ತಿಂಗಳು ತೆಗೆದುಕೊಳ್ಳುವ ಆಫೀಸು ಇದೇನಾ ಅನ್ನಿಸುವಂತಿತ್ತು. ವೈದ್ಯರು, ಪೊಲೀಸರು, ಬೇರೊಂದು ಬೀದಿಯ ಕಟ್ಟಡದಲ್ಲಿ ಬೇರೊಂದು ಮನೆ, ಅವಳದೇ ಹೆಸರಿಗೆ. ಅಂದು ಸಂಜೆಯೇ ಕೀಲಿಕೈ ಅವಳ ಕೈಯಲ್ಲಿತ್ತು. ಮನೆ ಎಲ್ಲಿ ಅನ್ನುವುದು ಮೇಡಂಗೆ ಬಿಟ್ಟು ಯಾರಿಗೂ ತಿಳಿಯಬಾರದೆಂದಾಯಿತು. ಡ್ರೈವರ್ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯ ಮಂಚದಲ್ಲಿದ್ದ. ಮಂಚದ ಪಕ್ಕದಲ್ಲಿ ಒಬ್ಬ ಪೇದೆ ಕೂತಿದ್ದ.

ಮೇಡಂ ರಿಪೇರಿಯನ್ನೂ ನೋಡಲು ಬಂದಳು. ಕೈಗೆ ಕಟ್ಟು, ದವಡೆಗೆ ಕಟ್ಟು, ಪಕ್ಕೆಗೆ ಕಟ್ಟು. ಅಂಗಡಿಯಿಂದ ಆಗತಾನೆ ಕಟ್ಟಿಸಿ ತಂದ ಸಾಮಾನಿನ ಹಾಗಿದ್ದ.

"ಚೌಕಟ್ಟು ತಿರುಗಿಸಿದ್ದು ನೀವೇ ತಾನೆ?" ಅಂದಳು.

ಅವನು ತಲೆ ಆಡಿಸಿದ.

"ಒಳ್ಳೇ ಕೆಲಸಗಾರಿಕೆ." ಕುರ್ಚಿಯನ್ನು ಹತ್ತಿರಕ್ಕೆ ಎಳೆದು ಕೂತಳು. "ಅವತ್ತು ನನಗೆ ಒಂದು ಮಾತು ಹೇಳಿದ್ದಿದ್ರೆ ಅವತ್ತು ಸಂಜೆಯೇ ಅವರಿಗೆ ಆ ಮನೆ ಕೊಡ್ತಿದ್ದೆ. ಖಾಲಿ ಇತ್ತು. ಮೀಟಿಂಗಲ್ಲಿ ಹೇಳಿದ್ನಲ್ಲ."

ರಿಪೇರಿಯ ಹೆಂಡತಿ ಮೂಲೆಯಲ್ಲಿ ಕೂತು ಗಂಡನಿಗೆ ಗಂಜಿ ಆರಿಸುತ್ತಿದ್ದಳು. ಸಾಮಾನ್ಯವಾಗಿ ಇಂಥ ಜಾಗದಲ್ಲಿ ಅವಳೊಂದು ಮಾತು ಸೇರಿಸುತ್ತಿದ್ದಳು. ಈ ಸಲ ಸೇರಿಸಲಿಲ್ಲ. ಅದು ಅವನಿಗೆ ಸುತ್ತಿಗೆಗಿಂತ ಜೋರಾಗಿ ಬಿತ್ತು.

ಹಲ್ಲಿಲ್ಲದ ಬಾಯಲ್ಲಿ ಅವನು ಮತ್ತೆ ಬೀದಿಗಿಳಿಯುವಷ್ಟರಲ್ಲಿ ಕಥೆ ಅವನಿಲ್ಲದೆಯೇ ಬೆಳೆದು ನಿಂತಿತ್ತು. ರಿಪೇರಿ ಒಂದೇ ಕೈಯಲ್ಲಿ ಬೀರು ಎತ್ತಿ ಡ್ರೈವರನ ಮೇಲೆ ಎಸೆದನಂತೆ. ಹಲ್ಲು ಹೋದದ್ದು ಬೀಗ ಕಚ್ಚಿ ಮುರಿದದ್ದರಿಂದಂತೆ. ಚಹಾದಂಗಡಿಯವನು ಬಿಸಿ ಚಹಾ ಮುಂದಿಟ್ಟು, "ಹೇಳಿ ರಿಪೇರಿಯಣ್ಣ, ಮೊದಲಿಂದ ಹೇಳಿ," ಅಂದ. ಬೆಂಚು ತುಂಬಿತ್ತು. ಗೂಳಿಯ ಕಥೆಗೂ ಅಷ್ಟು ಜನ ಸೇರಿದ್ದಿಲ್ಲ. ರಿಪೇರಿ ಎಡಗೈಯಲ್ಲಿ ಲೋಟ ಎತ್ತಿ, ಕುಡಿದು, ಕೆಳಗಿಟ್ಟು ಎದ್ದು ಹೋದ.

ಡಿಪೋದಿಂದ ಡ್ರೈವರನ ಗೆಳೆಯನೊಬ್ಬ ಬಂದ. ಒಳ್ಳೆಯ ಮಾತಿನವನು. "ಪಾಪ, ಅವನು ಬರೀ ಅಳ್ತಾನೆ. ಒಂದು ಸಲ ಕ್ಷಮೆ ಕೇಳಬೇಕಂತೆ. ಹೊಸ ಮನೆಗೆ ಬಾಗಿಲು ಬೀಗ ಹಾಕೋನು ನೀನಲ್ಲದೆ ಇನ್ಯಾರು ಭಾವ? ಯಾವ ಬೀದಿ ಅಂತ ಒಂದು ಮಾತು ಹೇಳು ಸಾಕು."

"ನನಗೆ ಗೊತ್ತಿಲ್ಲ," ಅಂದ ರಿಪೇರಿ.

ಆ ಮಾತು ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಬಂದಿರಲಿಲ್ಲ. ಬಂದವನು ಸ್ವಲ್ಪ ಹೊತ್ತು ಕಾದ; ರಿಪೇರಿಯ ಮಾತು ಅಷ್ಟಕ್ಕೇ ನಿಲ್ಲುವುದುಂಟೇ ಎಂದು. ನಿಂತಿತ್ತು.

ಮೇಡಂ ಅವನನ್ನು ಕರೆಸಿದ್ದು ಅದಾದ ಕೆಲವು ವಾರಗಳ ಮೇಲೆ. ಬಾಗಿಲು ಮುಚ್ಚಿ, ಬೀದಿಯ ಹೆಸರು ಹೇಳಿದಳು. "ಅವರೇ ನಿಮ್ಮನ್ನ ಕಳಿಸಿ ಅಂದ್ರು," ಅಂದಳು.

ಸಣ್ಣ ಮನೆ. ಒಂದು ಕೋಣೆ, ಅಡುಗೆಮನೆ, ಬಚ್ಚಲು. ಕಿಟಕಿಯ ಹತ್ತಿರ ಅದೇ ಎರಕದ ಮಷಿನ್, ಒಂದು ಪಕ್ಕ ತುಕ್ಕು ಹಿಡಿದಿತ್ತು. ಅವಳ ಎಡಗಣ್ಣು ತೆರೆದಿತ್ತು. ತೋರುಬೆರಳಿನ ಉಗುರು ಹೊಸದಾಗಿ ಬುಡದಿಂದ ಅರ್ಧದವರೆಗೆ ಬಂದಿತ್ತು. ರಿಪೇರಿ ಮುಂಬಾಗಿಲಿಗೆ ಮೇಡಂ ಕೊಟ್ಟ ಹೊಸ ಬೀಗ ಕೂರಿಸಿದ. ಬಲಗೈಯ ಎರಡು ಬೆರಳು ಇನ್ನೂ ಮಡಚುತ್ತಿರಲಿಲ್ಲ. ಸ್ಕ್ರೂ ಮತ್ತೆ ಮತ್ತೆ ಕೆಳಗೆ ಬೀಳುತ್ತಿತ್ತು. ಅವಳು ಎತ್ತಿ ಕೊಡುತ್ತಿದ್ದಳು.

ಬೀಗ ಮುಗಿದ ಮೇಲೆ ಅವನು ಬಚ್ಚಲ ಬಾಗಿಲಿನ ಮುಂದೆ ನಿಂತ. ಒಳಕ್ಕೆ ತೆರೆಯುವ ಬಾಗಿಲು. ಕೀಲಿಗೆ ಕೈ ತಾಗಿಸಿದ, ತೆಗೆದ.

"ಇದು ಯಾವ ಕಡೆಗೆ ಬೇಕು ತಂಗಿ?"

ಅವಳು ಬಾಗಿಲನ್ನು ನೋಡಿದಳು.

"ತೆಗೆದುಬಿಡಿ," ಅಂದಳು. "ಪರದೆ ಹೊಲ್ಕೋತೀನಿ."

ಅವನು ಕೀಲು ಬಿಚ್ಚಿದ. ಹೆಚ್ಚು ಹೊತ್ತು ಹಿಡಿಯಲಿಲ್ಲ. ಬಾಗಿಲನ್ನು ಬೆನ್ನಿಗೇರಿಸಿ ಎಡಗೈಯಲ್ಲಿ ಹಿಡಿದು, ಮೆಟ್ಟಿಲು ಹುಡುಕುತ್ತ ಇಳಿಯತೊಡಗಿದ. ತಿರುವಿನಲ್ಲಿ ತರಕಾರಿ ಚೀಲ ಹಿಡಿದು ಮೇಲೆ ಬರುತ್ತಿದ್ದ ಅಜ್ಜಿಯೊಬ್ಬಳು ಗೋಡೆಗೆ ಒತ್ತಿ ನಿಂತು ದಾರಿ ಕೊಟ್ಟಳು.

"ಇಷ್ಟು ಗಟ್ಟಿ ಬಾಗಿಲು ಯಾಕಪ್ಪ ತೆಗೆದೆ?"

"ಹುಳ ಹಿಡಿದಿತ್ತು ಅಜ್ಜಿ."

ಅಜ್ಜಿ ಇನ್ನೇನಾದರೂ ಹೇಳುತ್ತಾನೇನೋ ಎಂದು ನಿಂತೇ ಇದ್ದಳು. ಅವನು ಬಾಗಿಲಿನ ಅಂಚು ಗೋಡೆಗೆ ತಾಗದ ಹಾಗೆ ಮೆಲ್ಲಗೆ ತಿರುಗಿಸಿಕೊಂಡ. ಮೇಲಿನಿಂದ ಮಷಿನ್ ಸದ್ದು ಕೇಳಿಸಿತು. ಸ್ವಲ್ಪ ಹೊಲಿದು ನಿಂತಿತು, ಮತ್ತೆ ಶುರುವಾಯಿತು.